ಬೆನ್ನಿಗೆ ಹಚ್ಚಿದ ಮುಲಾಮು

ಯಲಬುರ್ಗಿಯ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಕೊಟ್ರಬಸಪ್ಪನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಶಂಕ್ರಮ್ಮನ ಮೊಣಕೈ ಮೇಲೆ ಕೆಂಪು ಕಲೆ ಎದ್ದು, ಅದರ ಮೇಲೆ ಅಭ್ರಕದಂಥ ಬಿಳಿ ಹೊಟ್ಟು ಕಟ್ಟಿದಾಗ ಬೇವಿನೆಣ್ಣೆ ಕಾಯಿಸಿ ತಂದವನು ಅವನೇ. ಕಲೆ ಮೊಣಕಾಲಿಗೂ ಬೆನ್ನಿಗೂ ಹಬ್ಬಿತು. ಬೆಳಿಗ್ಗೆ ಹಾಸಿಗೆ ಕೊಡವಿದರೆ ಹೊಟ್ಟು ಉದುರುತ್ತಿತ್ತು. ಅವನ ತಾಯಿ ಕಳಕಮ್ಮ ಸೊಸೆಯ ತಾಟು ತಂಬಿಗೆ ಬೇರೆ ಮಾಡಿದಳು. ದೊಡ್ಡ ರೋಗ, ಕುಷ್ಠ, ಎಂದು ಬಾಯಿಬಿಟ್ಟು ಆಡಲಿಲ್ಲ. ಆಡದಿದ್ದರೂ ಓಣಿಗೆಲ್ಲ ಕೇಳಿಸಿತು.

ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿಯ ಚಳಿಗಾಲದಲ್ಲಿ ಕೊಟ್ರಬಸಪ್ಪ ಗಾಡಿ ಕಟ್ಟಿಸಿ ಅವಳನ್ನು ಕೊಪ್ಪಳದ ದವಾಖಾನೆಗೆ ಕರೆದೊಯ್ದ. ವಯಸ್ಸಾದ ಡಾಕ್ಟರು ಕಲೆಯ ಮೇಲೆ ಸೂಜಿಯ ತುದಿ ತಾಗಿಸಿದರು. ಶಂಕ್ರಮ್ಮ ಚಟ್ಟನೆ ಕೈ ಎಳೆದುಕೊಂಡಳು. ಡಾಕ್ಟರು ನಕ್ಕರು.

"ಚುಚ್ಚಿದ್ದು ತಿಳೀತಲ್ಲ, ದೊಡ್ಡ ರೋಗ ಅಲ್ಲವ್ವ ಇದು. ಸೋರಿಯಾಸಿಸ್ ಅಂತಾರ. ಯಾರಿಗೂ ಅಂಟಂಗಿಲ್ಲ, ಒಂದ ತಾಟಿನ್ಯಾಗ ಉಣ್ಣ್ರಿ. ಆದ್ರ ಬೇರು ಸಹಿತ ಹೋಗ್ತೈತಿ ಅಂತ ನಾ ಹೇಳಂಗಿಲ್ಲ. ಹೋಗ್ತೈತಿ, ಬರ್ತೈತಿ."

ಡಾಂಬರು ಬೆರೆಸಿದ ಕಪ್ಪು ಮುಲಾಮಿನ ಡಬ್ಬಿಯನ್ನು ಕೊಟ್ರಬಸಪ್ಪನ ಕೈಗೆ ಕೊಟ್ಟು, "ಕಲಿ ಮ್ಯಾಲಷ್ಟ ತೆಳ್ಳಗ ಹಚ್ಚ್ರಿ. ಉರಿ ಎದ್ರ ಬಿಟ್ಟುಬಿಡ್ರಿ. ಅವಸರ ಮಾಡಿದ್ರ ಚರ್ಮ ಸಿಟ್ಟಿಗೇಳ್ತೈತಿ" ಎಂದರು.

ಬೆನ್ನಿನ ಕಲೆಗಳು ಅವಳ ಕೈಗೆ ಎಟುಕುತ್ತಿರಲಿಲ್ಲ. ಸಂಜೆ ಅಂಗಡಿ ಮುಚ್ಚಿ ಬಂದವನು ಹಿತ್ತಲ ಕೋಣೆಯಲ್ಲಿ ಕೂತು ಹಚ್ಚುತ್ತಿದ್ದ. ಆ ವಾಸನೆಗೆ ಕಳಕಮ್ಮ ಮೂಗು ಮುಚ್ಚಿಕೊಂಡು ಹೊರಗೆ ಹೋಗುತ್ತಿದ್ದಳು. ಹೀಗಾಗಿ ಆ ಹೊತ್ತು ಗಂಡ ಹೆಂಡಿರಿಬ್ಬರದೇ ಆಯಿತು.

"ಗಾಡಿ ಗಾಲಿಗೆ ಕೀಲೆಣ್ಣಿ ಹಚ್ಚಿದಂಗ ಹಚ್ಚಾಕತ್ತೀರಲ್ಲ" ಎಂದು ಅವಳು ನಗುತ್ತಿದ್ದಳು. ಅಳವಂಡಿಯ ತವರಿನ ಸುದ್ದಿ, ಓಣಿಯ ಸುದ್ದಿ ಹೇಳುತ್ತಿದ್ದಳು. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಅವರು ಅಷ್ಟು ಮಾತಾಡಿದ್ದು ಆಗಲೇ. ನಿಧಾನವಾಗಿ ಹೊಟ್ಟು ತೆಳುವಾಯಿತು, ಕೆಂಪು ಮಾಸಿತು, ತುರಿಕೆ ತಗ್ಗಿ ಅವಳಿಗೆ ನಿದ್ದೆ ಹತ್ತತೊಡಗಿತು.

ಅಷ್ಟರಲ್ಲಿ ಕೊಟ್ರಬಸಪ್ಪನ ತಂಗಿ ಪಾರ್ವತೆಮ್ಮನಿಗೆ ಕುಷ್ಟಗಿಯ ವರ ಗೊತ್ತಾಯಿತು.

"ಬೀಗರ ಮುಂದ ಆರತಿ ತಾಟು ಹಿಡಿಯಾಕಿ ಅಣ್ಣನ ಹೆಂಡ್ತಿ" ಎಂದಳು ಕಳಕಮ್ಮ. "ಆ ಕೈ ನೋಡಿದ್ರ ಅವರು ಏನಂದಾರು? ಹುಡುಗಿ ಬಾಳೇವು ಕೆಡಸ್ತೀಯೇನಪ?"

ಮದುವೆಯ ಮಾತಿಗೆಂದು ಕುಷ್ಟಗಿಗೆ ಹೋದ ಕೊಟ್ರಬಸಪ್ಪ ಸಂತೆಯಲ್ಲಿ ಔಷಧ ಮಾರುವವನೊಬ್ಬನ ಮುಂದೆ ನಿಂತ. ಗೋವಾದಿಂದ ಬಂದದ್ದೆಂದು ಅವನು ಹಳದಿ ಪುಡಿಯ ಪೊಟ್ಟಣ ಕಟ್ಟಿಕೊಟ್ಟ. "ಗಟ್ಟಿಯಾಗಿ ಕಲಸಿ ತಿಕ್ಕ್ರಿ. ಮದುವಿ ಹೊತ್ತಿಗೆ ಮೈ ಕನ್ನಡಿ ಆಗ್ತೈತಿ."

ಕೊಟ್ರಬಸಪ್ಪ ಅದನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕಲೆಗಷ್ಟೇ ಅಲ್ಲ, ಬೆನ್ನು, ತೋಳು, ಕುತ್ತಿಗೆಯವರೆಗೂ ಬಳಿದ.

"ಉರೀತೈತ್ರಿ" ಎಂದಳು ಶಂಕ್ರಮ್ಮ.

"ಔಷಧ ಹತ್ತಾಕತ್ತೈತಿ, ತಡಿ."

ಮರುದಿನ ಅವಳು ರವಿಕೆ ಬಿಚ್ಚಲು ಹಿಂದೆಗೆದಳು. "ಇವತ್ತೊಂದಿನ ಬ್ಯಾಡ್ರಿ. ಮೈ ಕೆಂಡ ಆಗೈತಿ."

"ಮದುವಿ ಆಗೋಮಟ ತಡಕೊ. ನನ್ನ ಮರ್ಯಾದಿ ಸಲುವಾಗಿ ತಡಕೊ."

ಅವಳು ತಡೆದುಕೊಂಡಳು. ಹಳೆಯ ಕಲೆಗಳು ನಿಜವಾಗಿಯೂ ಬೆಳ್ಳಗಾಗತೊಡಗಿದವು. ಅದನ್ನು ಕಂಡು ಹಿಗ್ಗಿದ ಅವನು ಮತ್ತೂ ಬಳಿದ. ಸುತ್ತಲಿನ ಒಳ್ಳೆಯ ಚರ್ಮ ಕೆಂಪೇರಿ ಬಾತುಕೊಂಡದ್ದನ್ನು ಕಂಡೂ ಕಾಣದಂತಿದ್ದ. ಕಣ್ಣು ಊದಿದವು, ಜ್ವರ ಬಂತು, ಮೈಯೆಲ್ಲ ಸಿಪ್ಪೆ ಸಿಪ್ಪೆಯಾಗಿ ಸುಲಿಯತೊಡಗಿತು. ಮದುವೆ ನಡೆದಾಗ ಶಂಕ್ರಮ್ಮ ಹಿತ್ತಲ ಕೋಣೆಯಲ್ಲಿ ಬಾಳೆ ಎಲೆಯ ಮೇಲೆ ಮಲಗಿದ್ದಳು. ಬಾಸಿಂಗ ಕಟ್ಟಿಕೊಂಡೇ ಒಳಗೆ ಬಂದ ಪಾರ್ವತೆಮ್ಮ ಅತ್ತಿಗೆಯ ಕಾಲು ಮುಟ್ಟಲು ಹೋಗಿ, ಎಲ್ಲಿ ಮುಟ್ಟುವುದೆಂದು ತಿಳಿಯದೆ ಅತ್ತಳು.

ಬೀಗರು ಹೊರಟೊಡನೆ ಅವಳನ್ನು ಕೊಪ್ಪಳಕ್ಕೆ ಒಯ್ದರು. ಡಾಕ್ಟರು ಮೈ ಒರೆಸಿಸಿ, ಬರೀ ವ್ಯಾಸಲೀನು ಸವರಿಸಿ, ಒದ್ದೆ ಅರಿವೆ ಹೊದಿಸಿದರು. ಪೊಟ್ಟಣದಲ್ಲಿ ಉಳಿದ ಪುಡಿಯನ್ನು ನೋಡಿ ಹೇಳಿದರು:

"ಪುಡಿ ಸುಳ್ಳಲ್ಲ. ನಾವೂ ಹಚ್ಚತೀವಿ, ಚಿಟಿಕಿ ಬೆರಸಿ, ಕಲಿ ಮ್ಯಾಲಷ್ಟ. ನೀವು ಛಲೋ ಚರ್ಮ ಸುಟ್ಟೀರಿ. ಈ ರೋಗ ಇದ್ದಾರಿಗೆ ಗಾಯ ಆದಲ್ಲೇ ಹೊಸ ಕಲಿ ಏಳ್ತಾವ. ಆಕಿ ಉರೀತೈತಿ ಅಂದಿದ್ದಿಲ್ಲೇನು?"

"ಅಂದಿದ್ಲ್ರಿ" ಎಂದ ಕೊಟ್ರಬಸಪ್ಪ.

ಡಾಕ್ಟರು ಪೊಟ್ಟಣ ಮಡಚಿಟ್ಟು, ಶಂಕ್ರಮ್ಮನ ಒದ್ದೆ ಅರಿವೆ ಸರಿಮಾಡಿದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಶಂಕ್ರಮ್ಮ ಉಳಿದಳು. ಆದರೆ ಮುಂಚೆ ಏನೂ ಇಲ್ಲದಿದ್ದ ಕುತ್ತಿಗೆ, ಹೆಗಲ ಮೇಲೆಲ್ಲ ಕಲೆಗಳೆದ್ದವು. ಮತ್ತೆ ಕಪ್ಪು ಮುಲಾಮು ಬಂತು. ಮನೆಗೆ ಮರಳಿದ ಮೊದಲ ಸಂಜೆ ಕೊಟ್ರಬಸಪ್ಪ ಡಬ್ಬಿ ಹಿಡಿದು ಕೂತಿದ್ದ. ಅವಳು ಅದನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು ಪಕ್ಕದ ಮನೆಯ ಹಮೀದಾಬಿಯ ಬಳಿಗೆ ಹೋದಳು. ಅಂದಿನಿಂದ ಬೆನ್ನಿಗೆ ಹಚ್ಚುವವಳು ಹಮೀದಾಬಿ. ಗೋಡೆಯಾಚೆ ಅವರಿಬ್ಬರ ನಗು ಕೇಳುತ್ತಿತ್ತು. ಕೊಟ್ರಬಸಪ್ಪ ತಾಟು ತಂಬಿಗೆಯನ್ನು ಮತ್ತೆ ಒಂದು ಮಾಡಿದ, ತಾಯಿಯೊಡನೆ ಜಗಳವಾಡಿದ. ಶಂಕ್ರಮ್ಮ ಬಡಿಸಿದಳು, ಉಂಡಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು.

ಎಷ್ಟೋ ವರ್ಷದ ಮೇಲೆ, ಹಮೀದಾಬಿ ಮಗಳ ಬಾಣಂತನಕ್ಕೆಂದು ಗಂಗಾವತಿಗೆ ಹೋಗಿದ್ದಾಗ, ಚಳಿಗೆ ಶಂಕ್ರಮ್ಮನ ಬೆನ್ನಿನ ಕಲೆ ಒಡೆದು ರಕ್ತ ಜಿನುಗಿತು.

"ನಾ ಹಚ್ಚಲೇನು?" ಎಂದು ಕೊಟ್ರಬಸಪ್ಪ ಕೇಳಿದ.

ಅವಳು ಡಬ್ಬಿಯನ್ನು ಅವನತ್ತ ಸರಿಸಿ, ಬೆನ್ನು ತಿರುಗಿಸಿ ಕೂತಳು. ಅವನ ಬೆರಳು ತಾಗುತ್ತಲೇ ಅವಳ ಹೆಗಲು ಮುದುಡಿತು.

"ಉರೀತೈತೇನು?"

"ಇಲ್ರಿ."

ಮತ್ತೆ ತಾಗಿಸಿದ. ಮತ್ತೆ ಮುದುಡಿತು.

"ನಿಮ್ಮ ಮ್ಯಾಲ ಸಿಟ್ಟಿಲ್ಲ" ಎಂದಳು ಶಂಕ್ರಮ್ಮ, ಬೆನ್ನು ಹಾಗೇ ಇಟ್ಟುಕೊಂಡು. "ಅದು ಯಾವಾಗೋ ಹೋಗೈತಿ. ಮೈ ಕೇಳವಲ್ದು. ನಾನರ ಏನ್ ಮಾಡ್ಲಿ?"

ಕೊಟ್ರಬಸಪ್ಪ ಸೆರಗನ್ನು ಅವಳ ಹೆಗಲಿಗೆ ಹೊದಿಸಿದ. ಕೈ ಒರೆಸಿಕೊಂಡು ಹೊರಗೆ ಬಂದು, ಕಟ್ಟೆಯ ಮೇಲೆ ಕೂತಿದ್ದ ಹಮೀದಾಬಿಯ ಗಂಡ ಮದಾರಸಾಬನನ್ನು ಕೇಳಿದ: "ಹಮೀದಾಬಿ ಯಾವಾಗ ಬರ್ತಾಳಪ?"