ಜೋಡಿ ಗೈರು

ಶವಪೆಟ್ಟಿಗೆ ಹೊರುವ ಐದು ಜನ ಕೈಗವಸು ಹಾಕಿಕೊಂಡಾಗಿತ್ತು. ಆರನೆಯ ಜೊತೆ ಹಿಡಿದುಕೊಂಡಿದ್ದ ಶವಸಂಸ್ಕಾರದವನು ಚರ್ಚಿನ ಬಾಗಿಲಲ್ಲಿ ಮತ್ತೊಮ್ಮೆ ಗಡಿಯಾರ ನೋಡಿದ. ಪೆಟ್ಟಿಗೆಯ ಬಲಬದಿಯ ನಡುವಿನ ಹಿಡಿಕೆ ಎಮಿಲ್ ವೋಲ್‌ಗೆ ಎಂದು ನಾರ್ವಲ್ ಟ್ವೇಟ್ ಸಾಯುವ ಮೊದಲೇ ಬರೆದಿಟ್ಟಿದ್ದ.

"ಅವರು ಬರಲ್ಲಮ್ಮ," ಎಂದಳು ಮಗಳು ಸೋನ್ಯಾ. "ಹನ್ನೊಂದಕ್ಕೆ ಸೇತುವೆ ಮಸೂದೆ ಮತಕ್ಕೆ ಬೀಳುತ್ತೆ. ಹತ್ತು ವರ್ಷದಿಂದ ಅದಕ್ಕೇ ಒದ್ದಾಡ್ತಿದಾರೆ. ನಾನಿಲ್ಲಿ ಇದೀನಲ್ಲ, ಇವತ್ತು ಒಂದೇ ಒಂದು ವೋಟಲ್ಲಿ ಗೆಲ್ತಾರೆ."

ಸೋನ್ಯಾ ಈಗ ಅಪ್ಪನ ಹಳೆಯ ಕ್ಷೇತ್ರದ ಶಾಸಕಿ. ಮಿಸ್ಸೂರಿ ನದಿಗೆ ಕಟ್ಟಬೇಕೆಂದಿದ್ದ ಆ ಸೇತುವೆಗೆ ಅವಳ ವಿರೋಧ.

"ಬಂದೇ ಬರ್ತಾನೆ ಅಂದಿದ್ರು ನಿಮ್ಮಪ್ಪ," ಎಂದಳು ತಾಯಿ ಆರ್ಡಿಸ್.

"ತೆರಿಗೆ ಇಳಿಯುತ್ತೆ ಅಂತಾನೂ ಅಂತಿದ್ರು."

*

ನಾರ್ವಲ್ ಹದಿನಾಲ್ಕು ವರ್ಷ ಶಾಸಕನಾಗಿದ್ದ. ಎಮಿಲ್ ಎದುರು ಪಕ್ಷದವನು. ಸಭೆಯಲ್ಲೊಂದು ಹಳೆಯ ಪದ್ಧತಿಯಿತ್ತು. ಒಬ್ಬ ಬರಲಾಗದಿದ್ದರೆ ಎದುರು ಪಕ್ಷದವನೊಬ್ಬ ತಾನೂ ಮತ ಹಾಕದೆ ಸರಿದೂಗಿಸಬಹುದು. ಕಾಯಿಲೆ, ಸಾವುಗಳಿಗೆಂದು ಹಿರಿಯರು ಮಾಡಿದ ಈ ಜೋಡಿ ಗೈರನ್ನು ಇವರಿಬ್ಬರೂ ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಮೀನು ಹಿಡಿಯಲು ಬಳಸಿಕೊಂಡರು. ಯಾವ ವಿಷಯಕ್ಕೂ ಇಬ್ಬರಿಗೂ ಒಮ್ಮತವಿರಲಿಲ್ಲವಾದ್ದರಿಂದ ರಾಜ್ಯಕ್ಕೆ ಇದರಿಂದ ನಷ್ಟವೇನೂ ಆಗಲಿಲ್ಲ.

ಆಮೇಲೆ ನಾರ್ವಲ್ ರಾಜ್ಯದ ಖಜಾಂಚಿಯ ಹುದ್ದೆಗೆ ನಿಂತು ಗೆದ್ದ. ಅದೇ ಕಟ್ಟಡ, ಕೆಳಗಿನ ಮಹಡಿ. ಒಳ್ಳೆಯ ಕುರ್ಚಿ, ಎರಡು ಕಿಟಕಿ, ಸರ್ಕಾರದ ಪ್ರತಿ ಚೆಕ್ಕಿನ ಮೇಲೂ ಅವನ ಹೆಸರು. ಮತ ಮಾತ್ರ ಇಲ್ಲ. ಹನ್ನೆರಡು ವರ್ಷ ಅವನ ಗೈರುಹಾಜರಿ ಯಾರಿಗೂ ಬೇಕಾಗಲಿಲ್ಲ. ಮೇಲೆ ಮತದಾನದ ಗಂಟೆ ಹೊಡೆದಾಗಲೆಲ್ಲ ಪೆನ್ನು ಕೆಳಗಿಟ್ಟು ಸೂರು ನೋಡುತ್ತಿದ್ದನಂತೆ.

ಒಮ್ಮೆ ಮೆಟ್ಟಿಲಲ್ಲಿ ಎಮಿಲ್ ಸಿಕ್ಕಿದ.

"ಈಗ ಮೀನಿಗೆ ಯಾರ ಜೊತೆ ಹೋಗ್ತೀಯ?" ಎಂದು ಕೇಳಿದ ನಾರ್ವಲ್.

"ಯಾರ ಜೊತೆಗೂ ಇಲ್ಲ. ಕೂತು ವೋಟು ಹಾಕ್ತೀನಿ. ನೀನು ಕೆಳಗಿಳಿದಾಗಿನಿಂದ ನಂಗೆ ಭಾರಿ ಕರ್ತವ್ಯನಿಷ್ಠೆ ಬಂದುಬಿಟ್ಟಿದೆ."

*

ಇನ್ನು ಕಾಯಲಾಗದು ಎಂದು ಪಾದ್ರಿ ಹೇಳಿ ಕಳಿಸಿದರು. ಆರ್ಡಿಸಳ ಸೋದರಳಿಯ ಕೈಗವಸಿಗೆ ಕೈ ಚಾಚುವಷ್ಟರಲ್ಲಿ ಎಮಿಲ್ ಬೂಟಿನ ಹಿಮ ಕೊಡವುತ್ತ ಒಳಗೆ ಬಂದ. ಎಂಬತ್ತರ ಹತ್ತಿರದವನು, ದಾರಿ ಕೆಟ್ಟಿತ್ತೆಂದು ಆರ್ಡಿಸಳ ಕ್ಷಮೆ ಕೇಳಿದ.

"ನಿಮ್ಮ ಮಸೂದೆ?" ಎಂದಳು ಸೋನ್ಯಾ.

"ನಿನಗೆ ನಾನು ಜೋಡಿ ಅಂತ ಬರೆದುಕೊಟ್ಟು ಬಂದೆ."

"ಸಮ ಆದ್ರೆ ಬಿದ್ದುಹೋಗುತ್ತೆ, ಎಮಿಲ್. ಮತ್ತೆ ಬರೋದು ಯಾವ ಕಾಲಕ್ಕೋ."

"ಎಣಿಸೋಕೆ ನಂಗೂ ಬರುತ್ತಮ್ಮ." ಅವನು ಕೈಗವಸಿಗೆ ಒಂದೊಂದೇ ಬೆರಳು ತೂರಿಸಿದ. "ನಾನು ಬರದಿದ್ರೆ ಅವನೊಬ್ಬನೇ ಗೈರಾಗ್ತಿದ್ದ."

ಸೋನ್ಯಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಎಮಿಲ್ ನಡುವಿನ ಹಿಡಿಕೆ ಹಿಡಿದ.

ಮಣ್ಣಾದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಹಂದಿಮಾಂಸ ಇಟ್ಟ ಬನ್ನು. ಇಪ್ಪತ್ಮೂರಕ್ಕೆ ಇಪ್ಪತ್ಮೂರು, ಮಸೂದೆ ಬಿತ್ತು ಎಂದು ಸೋನ್ಯಾಳ ಫೋನಿಗೆ ಸುದ್ದಿ ಬಂತು. ಅವಳು ಫೋನನ್ನು ಮಗುಚಿಟ್ಟು ಎಮಿಲನ ಲೋಟಕ್ಕೆ ಕಾಫಿ ಬಗ್ಗಿಸಿದಳು.

ಅವನು ಹೊರಟಾಗ ಹೊತ್ತು ಇಳಿದಿತ್ತು. ರಸ್ತೆ ಮಿಸ್ಸೂರಿ ನದಿಯ ದಡಕ್ಕೆ ಬಂದು ದಕ್ಷಿಣಕ್ಕೆ ತಿರುಗುವಲ್ಲಿ ಗಾಡಿ ನಿಲ್ಲಿಸಿದ. ಕಪ್ಪು ನೀರಿನ ಮೇಲೆ ತೆಳು ಮಂಜುಗಡ್ಡೆಗಳು ತೇಲುತ್ತಿದ್ದವು. ಆಚೆ ದಡದಲ್ಲಿ, ಅರ್ಧ ಮೈಲಿಯೂ ಇಲ್ಲ, ಅವನ ಮನೆಯ ಅಡುಗೆಕೋಣೆಯಲ್ಲಿ ಹೆಂಡತಿ ದೀಪ ಹಾಕಿದಳು. ಅವನು ಅದನ್ನು ನೋಡುತ್ತ ತುಸು ಹೊತ್ತು ಕೂತ. ಸುತ್ತುದಾರಿಯಲ್ಲಿ ಅಲ್ಲಿಗೆ ಇನ್ನೂ ನಲವತ್ತು ಮೈಲಿ.