ಒಂದೇ ಕುರ್ಚಿಯ ಕೋಣೆ

ಕ್ಯಾಮೆರಾದವರು ಬರುವ ದಿನ ನಮ್ಮ ಕುರ್ಚಿಗಳನ್ನು ನಾವೇ ಹೊತ್ತು ಕೆಳಗಿಳಿಸಬೇಕಿತ್ತು. ಮೆಟ್ಟಿಲು ಕಿರಿದು. ಚಿತ್ರದಣ್ಣನ ಕುರ್ಚಿಗೆ ಒಂದು ಗಾಲಿ ಇರಲಿಲ್ಲ. ತಿರುವಿನಲ್ಲಿ ಅದು ಗೋಡೆಗೆ ಬಡಿದು ಸುಣ್ಣ ಉದುರಿಸಿತು. ಕುರ್ಚಿಗಳು ನಮ್ಮ ದುಡ್ಡಿನವೇ. ಕೆಲಸಕ್ಕೆ ಸೇರುವಾಗ, "ನಿಮ್ಮ ಕುರ್ಚಿ ನೀವೇ ತನ್ನಿ," ಅಂದಿದ್ದರು ಸಾರ್.

ಕೆಳಗೆ ಬ್ಯಾಟರಿ ಅಂಗಡಿ. ಅದನ್ನು ನಡೆಸುವ ಅಕ್ಕ ಹಳೇ ಬ್ಯಾಟರಿಗಳನ್ನು ಕಾಲಲ್ಲಿ ಸರಿಸಿ ನಮಗೆ ಜಾಗ ಮಾಡಿದಳು. ಆಸಿಡ್ ವಾಸನೆಗೆ ಕಣ್ಣು ಉರಿಯುತ್ತಿತ್ತು.

"ಮತ್ತೆ ಕುರ್ಚಿ ಮೆರವಣಿಗೆನಾ?"

"ಹೂಂ ಅಕ್ಕ. ಸಾರ್ ಒಬ್ರೇ ಕಾಣ್ಬೇಕಂತೆ."

"ಒಬ್ರೇ ಕೂತು ಏನ್ಮಾಡ್ತಾರೆ?"

"ಗೇಮ್ ಮಾಡ್ತಾರೆ," ಅಂದ ಗುಮ್ಮ. ಗುಮ್ಮ ನಮ್ಮ ಪ್ರೋಗ್ರಾಂ ಬರೆಯುವವನು. ದಿನಕ್ಕೆ ಆಡುವುದೇ ನಾಲ್ಕು ಮಾತು, ಅದರಲ್ಲೊಂದು ಹೀಗೆ ಖರ್ಚಾಯಿತು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಫೋನ್ ತೆಗೆದು, ಬ್ಯಾಟರಿಗಳ ನಡುವೆ ಸಾಲಾಗಿ ಕುಳಿತ ನಮ್ಮ ಮೂವರ ಫೋಟೋ ಹೊಡೆದಳು. ಹಿಂದೆ ಕ್ಯಾಮೆರಾದವರ ವ್ಯಾನ್ ನಿಂತಿತ್ತು.

ಮೇಲೆ ಸಾರ್ ಕ್ಯಾಮೆರಾಕ್ಕೆ ಬೆನ್ನು ತೋರಿಸಿ ಕುಳಿತಿದ್ದರು. ಹೊರಗಿನವರು ಯಾರೂ ಅವರ ಮುಖ ನೋಡಿಲ್ಲ, ನಿಜ ಹೆಸರು ಯಾರಿಗೂ ತಿಳಿಯದು. ಇಂಟರ್ನೆಟ್ಟಿನಲ್ಲಿ ಅವರು 'ಒಂಟಿಕೊಕ್ಕರೆ'. ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅವರೇ ಇಟ್ಟುಕೊಂಡ ಯೂಸರ್‌ನೇಮ್. ಆ ಹೆಸರಿನ ಮೇಲೆ ಲಕ್ಷಗಟ್ಟಲೆ ಜನಕ್ಕೆ ಪ್ರೀತಿ. ದೊಡ್ಡ ದೊಡ್ಡ ಕಂಪನಿಗಳ ನಡುವೆ ಒಬ್ಬ ಬಡಪಾಯಿ, ಒಂದು ಕೋಣೆಯಲ್ಲಿ ಕುಳಿತು, ಚಿತ್ರ, ಸದ್ದು, ಲೆಕ್ಕ ಎಲ್ಲವನ್ನೂ ತಾನೊಬ್ಬನೇ ಮಾಡುತ್ತಾನಲ್ಲ ಅಂತ. ನಾವು ಬೆನ್ನ ಹಿಂದೆ ಅದನ್ನು ಬಕಧ್ಯಾನ ಅನ್ನುತ್ತಿದ್ದೆವು.

ಗೇಮ್ ಸರಳ. ಬಾಡಿಗೆ ಮನೆ ಖಾಲಿ ಮಾಡಿದ ಹೆಂಗಸೊಬ್ಬಳು ಸಾಮಾನನ್ನೆಲ್ಲ ತಳ್ಳುಗಾಡಿಗೆ ಪೇರಿಸಿ ದಿಬ್ಬ ಹತ್ತಬೇಕು. ಹೊಸ ಮನೆಯಲ್ಲಿ ಒಂದೊಂದಾಗಿ ಜೋಡಿಸಬೇಕು. ಗಾಡಿ, ಬೀದಿ, ಗೋಡೆಯ ಬಿರುಕು, ಕಿಟಕಿಯ ಬಿಸಿಲು ಬಿಡಿಸಿದವನು ಚಿತ್ರದಣ್ಣ, ಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದವನು. ದಿಬ್ಬದಲ್ಲಿ ಗಾಡಿ ಹಿಂದಕ್ಕೆ ಜಾರುವ ಲೆಕ್ಕ ಗುಮ್ಮನದು. ಸದ್ದೆಲ್ಲ ನನ್ನದು. ಗಾಲಿ ಕಿರುಗುಟ್ಟುವುದು ನಮ್ಮಮ್ಮನ ಹೊಲಿಗೆ ಮೆಷಿನ್ನಿನ ಸದ್ದು, ಮನೆಯಲ್ಲಿ ಹಿಡಿದು ತಂದಿದ್ದೆ. ಆಡುವವರು ಬರೆದದ್ದಕ್ಕೆಲ್ಲ ಒಂಟಿಕೊಕ್ಕರೆಯ ಹೆಸರಲ್ಲಿ ಉತ್ತರ ಬರೆಯುವುದೂ ನನ್ನ ಪಾಲಿಗೇ ಬಂದಿತ್ತು. ಸಾರ್‌ಗೆ ಜನರ ಜೊತೆ ಮಾತಾಡುವ ತಾಳ್ಮೆ ಇಲ್ಲ.

ಗೇಮ್ ಮುಗಿದಾಗ ಮನೆಯಲ್ಲಿ ಅಮ್ಮನಿಗೆ ತೋರಿಸಿದೆ. ಅಮ್ಮ ಕನ್ನಡಕ ಒರೆಸಿಕೊಂಡು ಕೊನೆಯವರೆಗೂ ಕುಳಿತಳು. ಕೊನೆಗೆ ಬಂದದ್ದು ಕೊಕ್ಕರೆಯ ಚಿತ್ರ, ಅದರ ಕೆಳಗೆ 'ಎಲ್ಲವೂ ಒಂಟಿಕೊಕ್ಕರೆಯಿಂದ'.

"ನಿನ್ನ ಹೆಸರೆಲ್ಲೇ?"

"ಇಲ್ಲಮ್ಮ."

"ಮೆಷಿನ್ನಿಂದೂ ಇಲ್ವಾ?" ಅಂತ ನಕ್ಕಳು. ಆಮೇಲೆ ನಗು ನಿಂತಿತು. "ನಾನು ಫ್ಯಾಕ್ಟರಿಲಿ ಹೊಲಿದ ಅಂಗಿ ಮೇಲೆಲ್ಲ ಯಾರದೋ ಹೆಸರೇ ಇರ್ತಿತ್ತು. ಕಾಲರ್ ಒಳಗೆ ನಾನೇ ಅದನ್ನ ಹೊಲೀತಿದ್ದೆ. ನಿಂದಾದ್ರೂ ಬರುತ್ತೆ ಅನ್ಕೊಂಡಿದ್ದೆ ಕಣೇ."

ಮರುದಿನ ಧೈರ್ಯ ಮಾಡಿ ಕೇಳಿದೆ. "ಸಾರ್, ಕೊನೇಲಿ, ಸಣ್ಣಕ್ಷರದಲ್ಲಿ, ನಮ್ಮ ಮೂರು ಜನದ ಹೆಸರು..."

"ಜನ ತಗೊಳ್ತಿರೋದು ಗೇಮನ್ನಲ್ಲಮ್ಮ, ಒಬ್ಬನೇ ಮಾಡ್ದ ಅನ್ನೋ ಕಥೇನ," ಅಂದರು ಸಾರ್. "ನಿಮ್ಮ ಹೆಸರು ಹಾಕಿದ್ರೆ ಕಥೆ ಸತ್ತೋಗುತ್ತೆ. ಆಮೇಲೆ ನಿಮಗೂ ಕೂಳಿಲ್ಲ, ನನಗೂ ಇಲ್ಲ. ನಾವೆಲ್ಲ ಒಂದೇ ಮನೆಯೋರಲ್ವಾ?"

ಒಂದೇ ಮನೆಯವರು. ನೆಂಟರು ಬಂದಾಗ ಬ್ಯಾಟರಿ ಅಂಗಡಿಯಲ್ಲಿ ಅಡಗಿ ಕೂರುವ ಮನೆಯವರು. ಹೋಗಿ ನನ್ನ ಕುರ್ಚಿಯಲ್ಲಿ ಕುಳಿತೆ. ಬರೆಯಬೇಕಾದ ಉತ್ತರ ಬಹಳ ಇತ್ತು.

ನನಗೆ ಬರೆಯುತ್ತಿದ್ದವರಲ್ಲಿ ಒಬ್ಬರು 'ಹಳೇಛತ್ರಿ'. ಅದೂ ಯೂಸರ್‌ನೇಮೇ. ವಯಸ್ಸಾದ ಹೆಂಗಸು, ಗಂಡ ಹಾಸಿಗೆ ಹಿಡಿದಿದ್ದರು. ಅವರ ಕೈ ಆಡುತ್ತಿರಲಿಲ್ಲ. ಅವರು ಮಲಗಿದಲ್ಲೇ ಹೇಳುವುದು, ಇವರು ಗೇಮಿನ ಮನೆಯಲ್ಲಿ ಸಾಮಾನು ಇಡುವುದು. ಒಂದು ಸಲ ಬೇರೆ ಯಾರಿಗೂ ಕಾಣದ ಹಾಗೆ ಬರೆದರು: "ಮಂಚ ಎಲ್ಲಿಡೋದು ಅಂತ ನಮ್ಮಿಬ್ಬರಿಗೂ ಜಗಳ. ನೀವೇ ತೀರ್ಪು ಹೇಳಿ."

ನಾನು ಬರೆದೆ: "ಹಿಂದಿನ ಕಿಟಕಿ ಹತ್ತಿರ ಇಡಿ. ಸಂಜೆ ಬಿಸಿಲು ಸರಿಯಾಗಿ ಅಲ್ಲಿಗೇ ಬೀಳುತ್ತೆ. ಇದನ್ನ ಇನ್ನೂ ಯಾರಿಗೂ ಹೇಳಿಲ್ಲ."

"ಬಿಸಿಲು ಬಂತು," ಅಂತ ಉತ್ತರ ಬಂತು. "ಇವರು ತುಂಬ ಹೊತ್ತು ನೋಡಿದರು. ಈ ಕೋಣೆಗೆ ಕಿಟಕಿ ಇಲ್ಲ." ಅದನ್ನು ಚಿತ್ರದಣ್ಣನಿಗೆ ಓದಿ ಹೇಳಿದೆ. ಅವನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ.

ಕೆಲವು ತಿಂಗಳಿಗೆ ಅವರ ಗಂಡ ತೀರಿಕೊಂಡರು. ಇತ್ತ ದೊಡ್ಡ ಕಂಪನಿಯೊಂದು ಗೇಮನ್ನು ಕೊಳ್ಳಲು ಬಂತು. ಬೇಗ ಹೊಸ ಅಪ್‌ಡೇಟ್ ಬಿಡಿ ಅಂದಿತು.

"ಆಗಲ್ಲ ಸಾರ್," ಅಂದ ಗುಮ್ಮ. "ಈಗ ಬಿಟ್ರೆ ಜನ ಕಟ್ಟಿರೋ ಹಳೇ ಮನೆ ಎಲ್ಲ ಅಳಿಸಿಹೋಗ್ತವೆ. ಇನ್ನೂ ಸ್ವಲ್ಪ ದಿನ ಕೊಡಿ."

"ಹೊಸ ಮನೆ ಕಟ್ಕೋತಾರೆ ಬಿಡೋ."

ಬಿಟ್ಟರು. ಮನೆಗಳು ಅಳಿಸಿಹೋದವು.

ಹಳೇಛತ್ರಿಯವರ ಪತ್ರ ಬಂದ ದಿನ ಅಮ್ಮನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನನ್ನ ಕುರ್ಚಿಯಲ್ಲಿ ಸಾರ್ ಕುಳಿತಿದ್ದರಂತೆ. ಗುಮ್ಮ ಕಣ್ಣಾರೆ ನೋಡಿದ್ದಾನೆ. ಹಳೇಛತ್ರಿಯವರು ಕೇಳಿದ್ದು ಇಷ್ಟೇ: "ನಾವಿಬ್ಬರೂ ಕಟ್ಟಿದ ಮನೆ ಕಾಣಿಸುತ್ತಿಲ್ಲ. ಮಂಚ, ಕಿಟಕಿ ಏನೂ ಇಲ್ಲ. ಇವರೂ ಈಗ ಇಲ್ಲ. ಅದನ್ನಾದರೂ ವಾಪಸ್ ತರಬಹುದಾ?"

ಒಂಟಿಕೊಕ್ಕರೆ ಉತ್ತರಿಸಿತ್ತು: "ಗೇಮ್ ಮತ್ತೆ ಆಡಿ ಮೇಡಂ. ಗಂಡ ಹೋಗಿದ್ದಕ್ಕೂ ನಾನೇ ಹೊಣೆಯಾ? ನನಗೆ ಬೇರೆ ಕೆಲಸ ಇದೆ."

ಆ ಉತ್ತರ ಊರೆಲ್ಲ ಸುತ್ತಿತು. ಜನ ಉಗಿದರು. ಕೊಳ್ಳಲು ಬಂದಿದ್ದ ಕಂಪನಿ, ಇದನ್ನು ಮೊದಲು ಸರಿಮಾಡಿಕೊಳ್ಳಿ ಅಂದಿತು. ಮರುದಿನ ಒಂಟಿಕೊಕ್ಕರೆಯ ಪುಟದಲ್ಲಿ ಹೀಗೆ ಬಂತು: "ಆ ಮಾತು ನನ್ನದಲ್ಲ. ಕೆಲಸ ಹೆಚ್ಚಾಯಿತೆಂದು ಪತ್ರ ನೋಡಲು ಒಬ್ಬ ಸಹಾಯಕಿಯನ್ನು ಇಟ್ಟುಕೊಂಡಿದ್ದೆ. ನಂಬಿ ಕೆಟ್ಟೆ. ಅವರನ್ನು ತೆಗೆದುಹಾಕಿದ್ದೇನೆ." ಅದರ ಕೆಳಗೆ, ದಪ್ಪ ಅಕ್ಷರದಲ್ಲಿ, ನನ್ನ ಪೂರ್ತಿ ಹೆಸರು. ಹೊಗಳಿಕೆ ಬರುವಾಗ ಅವರು ಒಬ್ಬರೇ ಇದ್ದರು. ಬೈಗುಳ ಬಂದಾಗ ಪಾಲಿಗೆ ಜನ ಬೇಕಾಯಿತು.

ಪಕ್ಕದ ಮನೆಯ ಹುಡುಗಿ ಫೋನ್ ಹಿಡಿದುಕೊಂಡು ಬಂದಳು. ಅಮ್ಮನಿಗೆ ಸಣ್ಣಕ್ಷರ ಕಾಣುವುದಿಲ್ಲ. ಹೆಸರು ಕಂಡಿತು. ಬೆರಳಿಟ್ಟು ಓದಿದಳು.

"ಬಂತಲ್ಲೇ ನಿನ್ನ ಹೆಸರು. ಎಷ್ಟು ದಪ್ಪಕ್ಕೆ ಹಾಕವ್ರೆ ನೋಡು."

ಹುಡುಗಿ ತಲೆ ತಗ್ಗಿಸಿ ಮೇಲಿನ ಸಾಲುಗಳನ್ನು ಓದಿ ಹೇಳಿದಳು. ಅಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವತ್ತು ಮೆಷಿನ್ ತುಳಿಯಲಿಲ್ಲ.

ಸಾರ್‌ಗೆ ಫೋನ್ ಮಾಡಿದೆ. "ಸಾರ್, ಬರೆದೋರು ನೀವು."

"ತೋರಿಸಮ್ಮ. ಬರೆದಿರೋದು ಒಂಟಿಕೊಕ್ಕರೆ. ಇಷ್ಟು ದಿನ ಒಂಟಿಕೊಕ್ಕರೆ ಅಂತ ಬರೀತಿದ್ದಿದ್ದು ಯಾರು, ನೀನೇ ತಾನೇ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಗಲಾಟೆ ತಣ್ಣಗಾಗ್ಲಿ. ಬೇರೆ ಹೆಸರಲ್ಲಿ ಮತ್ತೆ ಕರ್ಕೋತೀನಿ. ಹೊಟ್ಟೆ ಮೇಲೆ ಹೊಡಿಯೋನಲ್ಲ ನಾನು."

ಆ ವಾರ ನನಗೆ ಬಂದ ಬೈಗುಳಗಳನ್ನು ಬರೆದು ಕೈ ಹೊಲಸು ಮಾಡಿಕೊಳ್ಳುವುದಿಲ್ಲ. ಇನ್ನೊಂದು ಕಡೆ ಕೆಲಸ ಕೇಳಲು ಹೋದೆ. ಹೆಸರು ಹೇಳಿದೊಡನೆ ಅಲ್ಲಿ ಕುಳಿತಿದ್ದಾಕೆ ನನ್ನ ಮುಖ ನೋಡಿದಳು. "ಓ, ಅವರು ನೀವೇನಾ?" ಅಂದಳು. ಅಲ್ಲಿಗೆ ಮುಗಿಯಿತು. ನನಗೆ ಅದಕ್ಕಿಂತ ನೋವಾದದ್ದು ಬೇರೆ. ಹಳೇಛತ್ರಿಯವರು ಆ ಹೆಸರನ್ನು ಓದಿರುತ್ತಾರೆ. ಗಂಡನನ್ನು ಕಳೆದುಕೊಂಡ ತನಗೆ ಹಾಗೆ ಅಂದವಳು ಇವಳೇ ಅಂತ ನಂಬಿರುತ್ತಾರೆ.

ಹೀಗಿರುವಾಗ ಬ್ಯಾಟರಿ ಅಂಗಡಿಯ ಅಕ್ಕ ಫೋನ್ ಮಾಡಿದಳು. "ಅಮ್ಮನ್ನೂ ಕರ್ಕೊಂಡು ಬಾ. ಇಲ್ಲಿ ಕುರ್ಚಿ ಮೆರವಣಿಗೆ ನಡೀತಿದೆ."

ಹೋದೆವು. ಬ್ಯಾಟರಿಗಳ ನಡುವೆ ಮೂರು ಕುರ್ಚಿ. ನನ್ನದನ್ನೂ ತಂದಿದ್ದರು. ನನ್ನ ಬದಲು ಪತ್ರಗಳಿಗೆ ನೀನು ಉತ್ತರ ಬರಿ ಅಂತ ಸಾರ್ ಚಿತ್ರದಣ್ಣನಿಗೆ ಹೇಳಿದ್ದರಂತೆ.

"ನಾಳೆ ಇನ್ನೊಂದು ಗಲೀಜು ಮಾಡ್ಕೊಂಡ್ರೆ ನನ್ನ ಹೆಸರು ದಪ್ಪಕ್ಷರದಲ್ಲಿ ಬರುತ್ತೆ. ಬೋರ್ಡ್ ಬರೆಯೋನು ನಾನು, ನಂಗೊತ್ತಿಲ್ವಾ ದಪ್ಪಕ್ಷರ," ಅಂದ ಚಿತ್ರದಣ್ಣ. "ಎದ್ದು ಬಂದ್ವಿ. ಈಗ ಮೇಲೆ ನಿಜವಾಗ್ಲೂ ಒಂದೇ ಕುರ್ಚಿ."

"ಒಬ್ರೇ ಮಾಡ್ಲಿ," ಅಂದ ಗುಮ್ಮ.

ಎಲ್ಲವನ್ನೂ ಬರೆದು ಹಾಕೋಣ ಅಂತಾಯಿತು. ಒಂಟಿಕೊಕ್ಕರೆಯ ಪಾಸ್‌ವರ್ಡನ್ನು ಸಾರ್ ಬದಲಾಯಿಸಿದ್ದರು. ಹೊಸ ಅಕೌಂಟ್ ಮಾಡಬೇಕು, ಯಾವ ಹೆಸರಲ್ಲಿ ಅಂತ ಪ್ರಶ್ನೆ ಬಂತು.

"ನೀನು ಮಾತ್ರ ಬೇರೆ ಹೆಸರಿಟ್ಕೊ ತಂಗಿ," ಅಂದ ಚಿತ್ರದಣ್ಣ. "ಮಸಿ ಬಳಿದಿರೋ ಹೆಸರು ಯಾಕೆ? ಯೂಸರ್‌ನೇಮಿಗೇನು ಬರವಾ?"

ನನಗೂ ಸಾಕಾಗಿತ್ತು. ಹೂಂ ಅನ್ನುವವಳಿದ್ದೆ. ಅಷ್ಟರಲ್ಲಿ ಅಮ್ಮ ಬಾಯಿ ತೆಗೆದಳು.

"ಆ ಹೆಸರಿಟ್ಟೋಳು ನಾನು. ಅವನು ಮಸಿ ಬಳ್ದ ಅಂತ ನನ್ನ ಮಗಳು ಯಾಕೆ ಬಿಚ್ಚಿಡ್ಬೇಕು? ಕೊಳೆ ಆದ್ರೆ ಒಗೀತೀವಪ್ಪ, ಬಿಸಾಕ್ತೀವಾ?"

ಮೂವರೂ ಅಪ್ಪ ಅಮ್ಮ ಇಟ್ಟ ಹೆಸರಲ್ಲೇ ಅಕೌಂಟ್ ಮಾಡಿದೆವು. ಒಂದೇ ಪತ್ರ ಬರೆದೆವು. ಗಾಡಿ ಬಿಡಿಸಿದ್ದು ನಾನು ಅಂತ ಚಿತ್ರದಣ್ಣ ಬರೆದು ಹೆಸರು ಹಾಕಿದ. ದಿಬ್ಬದಲ್ಲಿ ಗಾಡಿ ಜಾರಿಸಿದ್ದು ನಾನು ಅಂತ ಗುಮ್ಮ ಬರೆದ. ಆ ಕೆಟ್ಟ ಮಾತು ಬರೆದವರನ್ನು ನಾನು ನೋಡಿದ್ದೇನೆ, ಅವರು ಒಂಟಿಕೊಕ್ಕರೆಯೇ ಅಂತಲೂ ಬರೆದ. ಅವನ ಜೀವಮಾನದ ಉದ್ದದ ಮಾತು ಅದು. ನಾನು ಸದ್ದಿನ ಬಗ್ಗೆ ಬರೆದೆ, ಹೊಲಿಗೆ ಮೆಷಿನ್ನಿನ ಬಗ್ಗೆ ಬರೆದೆ. ಅಮ್ಮನ ಹೆಸರನ್ನೂ ಹಾಕಿದೆ. ಅಕ್ಕ ತನ್ನ ಫೋನಿನಲ್ಲಿದ್ದ ಫೋಟೋ ಕೊಟ್ಟಳು.

ಉತ್ತರಗಳು ಬರತೊಡಗಿದವು. "ಎಲ್ಲ ಇವತ್ತು ಹುಟ್ಟಿದ ಅಕೌಂಟ್‌ಗಳು." "ಕೊಕ್ಕರೆ ಹೆಸರಲ್ಲಿ ಬೇಳೆ ಬೇಯಿಸಿಕೊಳ್ತಿದ್ದಾರೆ." "ಫೋಟೋದಲ್ಲಿ ಮೂರು ಕುರ್ಚಿ ಇದ್ರೆ ಏನೀಗ?" ಅವರದು ಹತ್ತು ವರ್ಷದ ಹೆಸರು. ನಮ್ಮದು ಆಗ ತಾನೇ ಕಣ್ಣು ಬಿಟ್ಟದ್ದು. ಇವಳೇ ಅಲ್ವಾ ಆ ಮಾತಂದೋಳು ಅಂತ ನನ್ನ ಹೆಸರು ಹಿಡಿದು ಒಬ್ಬ ಕೇಳಿದ್ದ. ಸಾರ್ ಮಾತ್ರ ಏನೂ ಅನ್ನಲಿಲ್ಲ. ಮೇಲಿನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು.

"ಸಾಕು, ಅಂಗಡಿ ಮುಚ್ತೀನಿ," ಅಂತ ಅಕ್ಕ ಶಟರಿಗೆ ಕೈ ಹಾಕಿದಳು. ಆಗ ಇನ್ನೊಂದು ಬಂತು. ಹಳೇಛತ್ರಿ.

"ಬೇರೆಯವರ ಮಾತು ನನಗೆ ಬೇಡ. ನನಗೆ ಒಂದೇ ಗೊತ್ತಾಗಬೇಕು. ಮಂಚ ಹಿಂದಿನ ಕಿಟಕಿ ಹತ್ತಿರ ಇಡಿ ಅಂತ ಬರೆದವರು ಯಾರು?"

ಅಕ್ಕ ಶಟರಿನಿಂದ ಕೈ ತೆಗೆದಳು. ಚಿತ್ರದಣ್ಣ ನನ್ನ ಕುರ್ಚಿಯನ್ನು ಅಂಗಡಿಯ ಕಂಪ್ಯೂಟರಿನ ಹತ್ತಿರಕ್ಕೆ ತಳ್ಳಿದ. ಆ ಮನೆಯನ್ನು ವಾಪಸ್ ತರಲು ಗುಮ್ಮನಿಂದಲೂ ಆಗುವುದಿಲ್ಲ. ಅದನ್ನು ಮೊದಲು ಬರೆದೆ, ಸುಳ್ಳು ಭರವಸೆ ಬೇಡ ಅಂತ. ಆಮೇಲೆ ಬರೆದೆ: "ಸಂಜೆ ಬಿಸಿಲು ಸರಿಯಾಗಿ ಅಲ್ಲಿಗೇ ಬೀಳುತ್ತೆ ಅಂತ ಹೇಳಿದವಳು ನಾನು. ಇದನ್ನ ಇನ್ನೂ ಯಾರಿಗೂ ಹೇಳಿಲ್ಲ ಅಂದವಳೂ ನಾನೇ."

"ಹೆಸರು ಹಾಕು," ಅಂದಳು ಅಮ್ಮ.

ಹಾಕಿದೆ. ದಪ್ಪಕ್ಷರದಲ್ಲಿ.