ಮಂಚೇಗೌಡರ ಎಲೆ

ಗಾವಡಗೆರೆಯ ಆ ಮನೆಯಲ್ಲಿ ಹಬ್ಬದ ದಿನ ಒಂದು ಎಲೆ ಹೆಚ್ಚಿಗೆ ಬೀಳುತ್ತಿತ್ತು. ಅದು ಮಂಚೇಗೌಡರ ಎಲೆ. ಎಂಬತ್ತು ವರ್ಷದ ಹಿಂದೆ ಬೆಂಗಳೂರಿಗೆ ಹೋಗಿ ದಂಡು ಸೇರಿ, ಹಡಗು ಹತ್ತಿದ ಮಂಚೇಗೌಡರು ತಿರುಗಿ ಬಂದಿರಲಿಲ್ಲ. ಸರ್ಕಾರದಿಂದ ಒಂದು ಕಾಗದ ಬಂದಿತ್ತಂತೆ. ಅದನ್ನು ಓದಿ ಹೇಳಲು ಬಂದ ಶಾನುಭೋಗರನ್ನು ಅವರ ಹೆಂಡತಿ ಜಗಲಿ ಹತ್ತಲು ಬಿಡಲಿಲ್ಲ. ಕಾಗದವನ್ನು ರಾಗಿ ವಾಡೆಯ ತಳಕ್ಕೆ ಹಾಕಿ, ಆ ಯುಗಾದಿಗೆ ಪಡಸಾಲೆಯ ಸಾಲಿನಲ್ಲಿ ಮೊದಲ ಎಲೆಯನ್ನು ಗಂಡನಿಗೇ ಹಾಕಿದರು. ತುದಿ ಎಡಕ್ಕೆ, ಬದುಕಿರುವವರಿಗೆ ಹಾಕುವ ಹಾಗೆ. ತಾಳಿ ತೆಗೆಯಲಿಲ್ಲ, ಬಳೆ ಒಡೆಯಲಿಲ್ಲ. ಮುತ್ತೈದೆಯಾಗಿಯೇ ಮಣ್ಣಾದರು.

ಅವರ ಒಬ್ಬಳೇ ಮಗಳು ಚಿಕ್ಕಬೀರಮ್ಮ, ಅಪ್ಪ ಹಡಗು ಹತ್ತಿದಾಗ ಹೊಟ್ಟೆಯಲ್ಲಿದ್ದವಳು. ಅವ್ವ ಹೋದ ಮೇಲೂ ಅವಳು ಆ ಎಲೆಯನ್ನು ತಪ್ಪಿಸಲಿಲ್ಲ. ಎಲ್ಲರ ಊಟ ಆದ ಮೇಲೆ ಅದರಲ್ಲಿದ್ದುದು ಹಸುವಿಗೆ ಹೋಗುತ್ತಿತ್ತು. ಪಿತೃಪಕ್ಷ ಬಂದರೆ ಮಾತ್ರ ಅವಳಿಗೆ ಸಂಕಟ. ಅವ್ವನಿಗೆ ಎಡೆ ಇಡುವಳು, ಪಕ್ಕದಲ್ಲಿ ಅಪ್ಪನಿಗೆ ಇಡುವಂತಿಲ್ಲ. ಅವರು ಸತ್ತದ್ದನ್ನು ಕಂಡವರಿಲ್ಲ. ಕಾಣದೆ ಮಗಳೇ ಅಪ್ಪನನ್ನು ಸತ್ತವರ ಸಾಲಿಗೆ ಸೇರಿಸುವುದು ಹೇಗೆ?

"ನಮ್ಮವ್ವ ಅಲ್ಲೂ ಒಬ್ಳೇ ಕೂತವ್ಳೆ ಕಣೆ," ಎಂದು ಮೊಮ್ಮಗಳು ಪುಟ್ಟಿಯ ಹತ್ತಿರ ಹೇಳಿಕೊಳ್ಳುವಳು. "ನಾನು ಕಣ್ಮುಚ್ಚೋದ್ರೊಳಗೆ ಅಪ್ಪಂಗೆ ಒಂದು ಎಡೆ ಇಕ್ಬೇಕು."

ಪುಟ್ಟಿ ಮಗಳ ಮಗಳು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಜ್ಜಿಯ ಮನೆಯಲ್ಲೇ ಉಳಿದವಳು. ಮಾತು ಕಡಿಮೆ. ಹಬ್ಬದಲ್ಲಿ ಎಲ್ಲರಿಗೂ ಎಲೆ ಹಾಕಿ, ಬಡಿಸಿ, ಕೊನೆಗೆ ಒಲೆಯ ಮುಂದೆ ತಟ್ಟೆಯಲ್ಲಿ ಉಣ್ಣುವುದು ಅವಳ ರೂಢಿ.

ಹುಣಸೂರಿನಲ್ಲಿ ಟೂರಿಸ್ಟ್ ಗಾಡಿ ಓಡಿಸುವ ಸಿದ್ದರಾಜು ಅಜ್ಜಿಯ ಮಗ, ಪುಟ್ಟಿಗೆ ಸೋದರಮಾವ. ಒಂದು ದಿನ ಅವನ ಗಾಡಿ ಹತ್ತಿದ ಕೊಡಗಿನ ನಿವೃತ್ತ ಸುಬೇದಾರರು ಕಥೆ ಕೇಳಿ, ಮೊಬೈಲಿನಲ್ಲೇ ಹುಡುಕಿ ತೋರಿಸಿದರು. ಮಂಚೇಗೌಡ, ಗಾವಡಗೆರೆ, ಮೈಸೂರು. ಇಟಲಿಯ ಒಂದು ಯುದ್ಧ ಸ್ಮಾರಕದ ಕಂಬದ ಮೇಲೆ ಆ ಹೆಸರಿತ್ತು. ಅಪ್ಪ ಸೇತುವೆ ಕಟ್ಟುವ ಪಡೆಯಲ್ಲಿದ್ದರು ಎಂಬುದು ಚಿಕ್ಕಬೀರಮ್ಮನಿಗೆ ಗೊತ್ತಾದದ್ದೂ ಅವತ್ತೇ.

ಆ ಕಂಬದ ಬುಡದಲ್ಲೇ ಎಡೆ ಇಕ್ಕಬೇಕು ಎಂದು ಅಜ್ಜಿ ಹಟ ಹಿಡಿದಳು. ಆ ವರ್ಷ ಮನೆಯ ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ಕಿತ್ತು. ಅಜ್ಜಿ ಹೊರಗೆ ಉಣ್ಣುವವಳಲ್ಲ, ಹೋಟೆಲಿನ ಮೆಟ್ಟಿಲು ಹತ್ತಲು ಮಂಡಿ ಬಿಡದು. ಅದಕ್ಕೇ ಸಿದ್ದರಾಜು ಒಲೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿಯನ್ನು ರೋಮಿನಲ್ಲಿ ಬಾಡಿಗೆಗೆ ಗೊತ್ತುಮಾಡಿದ. ಯುಗಾದಿಗೆ ಇನ್ನೂ ಮೂರು ವಾರ ಇರುವಾಗ ಮೂವರೂ ವಿಮಾನ ಹತ್ತಿದರು. ರಾಗಿ ಹಿಟ್ಟು, ಹುರುಳಿಕಾಳು, ಮುದ್ದೆ ಕೋಲು ಪುಟ್ಟಿಯ ಚೀಲದಲ್ಲಿದ್ದವು.

ಅಲ್ಲಿ ಸ್ಟೇರಿಂಗು ಎಡಕ್ಕೆ, ಗಾಡಿ ಓಡುವುದು ಬಲಕ್ಕೆ. ಸಿದ್ದರಾಜುವಿನ ಕೈಗೆ ಮೂವತ್ತು ವರ್ಷದ ಅಭ್ಯಾಸ. ತಿರುವು ಬಂದಾಗಲೆಲ್ಲ ಇಂಡಿಕೇಟರ್ ಬದಲು ವೈಪರ್ ಹಾಕುತ್ತಿದ್ದ.

"ಮಳೆ ಎಲ್ಲೈತ್ಲಾ? ಸುಮ್ಕೆ ಗಾಜು ಒರಸ್ತೀಯಲ್ಲ."

"ಕೈ ಕೇಳಾಕಿಲ್ಲ ಕಣವ್ವ. ತಲೆಗೆ ಗೊತ್ತಾಯ್ತದೆ, ಕೈಗೆ ಗೊತ್ತಾಗಾಕಿಲ್ಲ."

ಇಷ್ಟು ದೂರ ಬಂದು ಏನೂ ನೋಡದೆ ಹೋಗುವುದುಂಟೇ ಎಂದು ಅವನು ರೋಮಿನ ಎರಡು ಸಾವಿರ ವರ್ಷ ಹಳೆಯ ದೊಡ್ಡ ಅಖಾಡದ ಕಟ್ಟಡ ತೋರಿಸಿದ. ಅಲ್ಲಿ ಮನುಷ್ಯರನ್ನೂ ಪ್ರಾಣಿಗಳನ್ನೂ ಕಾದಾಡಿಸುತ್ತಿದ್ದರು ಎಂದ. ಅಜ್ಜಿ ಸುಟ್ಟ ಇಟ್ಟಿಗೆಯನ್ನು ಮುಟ್ಟಿ ನೋಡಿ, "ನಮ್ಮ ಬ್ಯಾರನ್ ಇಟ್ಟಿಗೆ ಇಪ್ಪತ್ತು ವರ್ಸಕ್ಕೇ ಉದುರೋಯ್ತು, ಇದು ನೋಡು," ಎಂದಳು. ಹೊಗೆಸೊಪ್ಪು ಬೇಯಿಸುವ ಮನೆಯ ನೆನಪು ಅಷ್ಟು ದೂರದಲ್ಲೂ ಅವಳನ್ನು ಬಿಟ್ಟಿರಲಿಲ್ಲ.

ಮಾರನೆಯ ದಿನ ಪಾಂಪೇಯಿ. ಬೆಟ್ಟ ಉಗುಳಿದ ಬೂದಿಯಲ್ಲಿ ಒಂದೇ ಸಲಕ್ಕೆ ಹೂತುಹೋದ ಊರು. ಸತ್ತವರು ಹೇಗೆ ಬಿದ್ದಿದ್ದರೋ ಹಾಗೆಯೇ ಅಚ್ಚು ತೆಗೆದು ಗಾಜಿನೊಳಗೆ ಇಟ್ಟಿದ್ದರು. ಮುಖ ಮುಚ್ಚಿಕೊಂಡು ಮುದುಡಿದ್ದ ಒಬ್ಬನ ಮುಂದೆ ಅಜ್ಜಿ ಬಹಳ ಹೊತ್ತು ನಿಂತಳು.

"ಇವ್ರಿಗೆ ಯಾರು ಎಡೆ ಇಕ್ಕಿದ್ರು?"

"ಇಡೀ ಊರೇ ಹೋಯ್ತಲ್ಲವ್ವ. ಇಕ್ಕೋರು ಎಲ್ಲಿ ಉಳುದ್ರು?"

ಅಜ್ಜಿ ಮತ್ತೇನೂ ನೋಡಲು ಒಪ್ಪಲಿಲ್ಲ. "ನನ್ನ ಕೆಲಸ ಮಾಡ್ಸು ನಡಿ," ಎಂದಳು.

ರೋಮಿನ ಕಡೆಗೆ ವಾಪಸು ಬರುವ ದಾರಿಯಲ್ಲಿ, ಮಠವಿರುವ ಒಂದು ಎತ್ತರದ ಬೆಟ್ಟದ ಬುಡದಲ್ಲಿತ್ತು ಆ ಸ್ಮಾರಕವಿರುವ ಸೈನಿಕರ ಸ್ಮಶಾನ. ಬೆಳಗ್ಗೆ ಪುಟ್ಟಿ ಗಾಡಿಯ ಸಣ್ಣ ಒಲೆಯ ಮೇಲೆ ಮುದ್ದೆ ತೊಳಸಿದಳು, ಹುರುಳಿಕಾಳಿನ ಸಾರು ಮಾಡಿದಳು. ರೋಮಿನ ಬಂಗಾಳಿ ಅಂಗಡಿಯಲ್ಲಿ ಸಿಕ್ಕಿದ ಬಾಳೆ ಎಲೆಯನ್ನು ಒದ್ದೆ ಬಟ್ಟೆಯಿಂದ ಬಿಚ್ಚಿ ಒರೆಸಿಟ್ಟಳು.

ಒಳಗೆ ಒಂದೇ ಸಮನಾಗಿ ಕತ್ತರಿಸಿದ ಹುಲ್ಲು, ಹಸಿರು ಕಲ್ಲಿನ ದೊಡ್ಡ ಕಂಬಗಳು, ಮೈತುಂಬ ಇಂಗ್ಲಿಷ್ ಹೆಸರು. ಸಿದ್ದರಾಜುವಿಗೆ ಕನ್ನಡಕವಿದ್ದರೂ ಸಾಲು ತಪ್ಪುತ್ತಿತ್ತು. ಪುಟ್ಟಿ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ ಹೋದಳು. ಮೂರನೆಯ ಕಂಬದಲ್ಲಿ ಬೆರಳು ನಿಂತಿತು.

"ಇಲ್ಲೇ ಅವ್ರೆ ಅಜ್ಜಿ."

ಅಜ್ಜಿ ಓದು ಬಾರದ ಕಣ್ಣನ್ನು ಆ ಅಕ್ಷರಗಳ ಮೇಲಿಟ್ಟಳು. ಅಂಗೈಯಿಂದ ಸವರಿದಳು. ಅಳಲಿಲ್ಲ. ಕಂಬದ ಬುಡಕ್ಕೆ ನೀರು ಚಿಮುಕಿಸಿ, ಎಲೆ ಹಾಸಿ, ಮುದ್ದೆ, ಸಾರು, ಬಾಳೆಹಣ್ಣು ಇಟ್ಟು ಊದುಬತ್ತಿ ಹಚ್ಚಿದಳು. ಆಮೇಲೆ ಮೂವರೂ ದೂರ ಸರಿದು ಕಾಗೆಗಾಗಿ ಕಾದರು. ಎಡೆಗೆ ಕಾಗೆ ಬಾಯಿಟ್ಟರೆ ಹೋದವರು ಉಂಡರು ಎಂದು ಅವರ ನಂಬಿಕೆ. ಮುಟ್ಟದಿದ್ದರೆ ಅವರಿಗೆ ಏನೋ ಆಸೆ ಉಳಿದಿದೆ ಎಂದು.

ಕಾಗೆ ಬಂತು. ತಲೆ, ರೆಕ್ಕೆ ಕಪ್ಪು, ಮೈ ಬೂದಿ ಬಣ್ಣ. ಬೇಲಿಯ ಮೇಲೆ ಕೂತು ಕತ್ತು ಓರೆ ಮಾಡಿ ನೋಡಿತು, ಇಳಿಯಲಿಲ್ಲ.

"ಇಟ್ಲಿ ಕಾಗೆ ಕಣವ್ವ, ಮುದ್ದೆ ಯಾವತ್ತು ಕಂಡದೆ?" ಎಂದ ಸಿದ್ದರಾಜು. ಅವನ ನಗು ಅರ್ಧಕ್ಕೇ ನಿಂತಿತು.

ಅಜ್ಜಿ ಕೈಮುಗಿದು ಕಂಬಕ್ಕೆ ಹೇಳತೊಡಗಿದಳು. "ಅಪ್ಪಾ, ಕೆರೆ ಕೆಳಗಿನ ಗದ್ದೆ ಮಾರಿಲ್ಲ ಕಣಪ್ಪ. ಅವ್ವನ್ನ ಕೈಲಾದಂಗೆ ನೋಡ್ಕಂಡೆ. ಮನೇಲಿ ದೀಪ ಕೆಟ್ಟಿಲ್ಲ. ಇನ್ನೇನು ಬೇಕು ನಿಂಗೆ? ಹೇಳು." ಗಾಳಿಗೆ ಊದುಬತ್ತಿಯ ಬೂದಿ ಉದುರಿತು. ಕಾಗೆ ಕದಲಲಿಲ್ಲ.

ಪುಟ್ಟಿ ಆಗಲೇ ನೋಡಿದ್ದಳು. ಎಲೆಯ ತುದಿ ಎಡಕ್ಕಿತ್ತು. ಸತ್ತವರಿಗೆ ಬಲಕ್ಕೆ ಹಾಕಬೇಕು. ಅಜ್ಜಿಯ ಕೈ ಆ ಮನೆಯ ಎಂಬತ್ತು ವರ್ಷದ ರೂಢಿಯಂತೆ ಬದುಕಿರುವವನಿಗೆ ಎಲೆ ಹಾಸಿಬಿಟ್ಟಿತ್ತು. ಹೇಳಿದರೆ ಅಜ್ಜಿಯ ಅಪ್ಪನನ್ನು ತಾನೇ ಸಾಯಿಸಿದಂತೆ. ಹೇಳದಿದ್ದರೆ, ಅಪ್ಪ ತನ್ನ ಎಡೆ ಒಲ್ಲೆ ಎಂದರು ಅನ್ನುವ ಕೊರಗು ಹೊತ್ತೇ ಅಜ್ಜಿ ಊರಿಗೆ ಹೋಗುತ್ತಾಳೆ.

"ಅಜ್ಜಿ," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಎಂದಳು, "ಅಜ್ಜಿ. ಎಲೆ... ಹಬ್ಬದಂಗೆ ಆಕಿದ್ದೀ."

ಅಜ್ಜಿ ಎಲೆಯನ್ನು ನೋಡಿದಳು, ಆಮೇಲೆ ತನ್ನ ಕೈಯನ್ನು. ಸಿದ್ದರಾಜು ಮುಂದೆ ಬಂದು, "ತಡಿ, ನಾನು ತಿರುಗುಸ್ತೀನಿ," ಎಂದ.

"ಬುಡ್ಲಾ. ನನ್ನಪ್ಪ ಅವ್ನು."

ಮಂಡಿ ಊರಿ ಕೂತಳು. ಎರಡೂ ಕೈಯಲ್ಲಿ ಎಲೆಯ ಅಂಚು ಹಿಡಿದು, ಮುದ್ದೆ ಉರುಳದಂತೆ, ಗೇಣು ಗೇಣೇ ತಿರುಗಿಸಿದಳು. ಸಾರು ಹರಿದು ಕಲ್ಲಿಗೆ ತಾಗಿತು. ತುದಿ ಬಲಕ್ಕೆ ಬಂತು. ಆಗ ಅವಳ ಎದೆಯಿಂದ ಒಂದು ಕೂಗು ಬಂತು. ಗಾವಡಗೆರೆಯಲ್ಲಿ ಹೆಣದ ಮುಂದೆ ಹೆಣ್ಣುಮಕ್ಕಳು ಅಳುವ ಕೂಗು.

"ಅಯ್ಯೋ ನನ್ನಪ್ಪಾ! ಒಂದ್ಸಲನೂ ಎತ್ಕಳ್ದೆ ಓಗ್ಬುಟ್ಯಲ್ಲಪ್ಪಾ!"

ಆಚೆ ಹುಲ್ಲು ಕತ್ತರಿಸುತ್ತಿದ್ದವನು ಯಂತ್ರ ನಿಲ್ಲಿಸಿ ಟೋಪಿ ತೆಗೆದ. ಅಜ್ಜಿ ಅತ್ತು ಮುಗಿಸಿ, ಮಗನ ಹೆಗಲು ಹಿಡಿದು, ಹಿಂದೆ ನೋಡದೆ ಗಾಡಿಯ ಕಡೆ ನಡೆದಳು. ಹಿಂದೆ ಉಳಿದಿದ್ದ ಪುಟ್ಟಿ ನೋಡಿದಳು. ಬೂದಿ ಕಾಗೆ ಹುಲ್ಲಿಗೆ ಇಳಿದು, ಕುಪ್ಪಳಿಸಿ ಬಂದು, ಮೊದಲು ಬಾಳೆಹಣ್ಣಿಗೆ, ಆಮೇಲೆ ಮುದ್ದೆಗೆ ಬಾಯಿಟ್ಟಿತು.

ಗಾಡಿ ಹತ್ತಿ ಅಜ್ಜಿಯ ಪಕ್ಕ ಕೂತು, "ಉಂಡ್ರು ಅಜ್ಜಿ," ಎಂದಳು. ಅಜ್ಜಿ ತಲೆಯಾಡಿಸಿ ಕಣ್ಣು ಮುಚ್ಚಿದಳು.

ಯುಗಾದಿಯ ಮಧ್ಯಾಹ್ನ ಗಾವಡಗೆರೆಯ ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಕೂತಿದ್ದರು. ಪುಟ್ಟಿ ಎಣಿಸದೆಯೇ ಎಲೆ ತಂದಿದ್ದಳು. ಎಲ್ಲರಿಗೂ ಹಾಕಿದ ಮೇಲೆ ಕೈಯಲ್ಲಿ ಒಂದು ಉಳಿಯಿತು. ಸಾಲಿನ ಮೊದಲ ಜಾಗ ಖಾಲಿಯಿತ್ತು, ಅಲ್ಲಿ ಕೂರಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಅವಳು ಎಲೆ ಹಿಡಿದು ಹಾಗೇ ನಿಂತಳು.

"ಯಾಕೆ ನಿಂತ್ಕಂಡೆ?" ಎಂದಳು ಅಜ್ಜಿ. "ಆಕ್ಕೊಂಡು ಕೂತ್ಕೊ. ಇವತ್ತು ನಾನು ಬಡುಸ್ತೀನಿ."

ಪುಟ್ಟಿ ಆ ಜಾಗದಲ್ಲಿ ಎಲೆ ಹಾಸಿದಳು, ತುದಿ ಎಡಕ್ಕೆ. ನೀರು ಚಿಮುಕಿಸಿ, ಒರೆಸಿ, ಕಾಲು ಮಡಚಿ ಕೂತಳು. ಅಜ್ಜಿ ಒಬ್ಬಟ್ಟಿನ ತಟ್ಟೆ ಹಿಡಿದು ನಿಧಾನವಾಗಿ ಅವಳ ಕಡೆಗೇ ಮೊದಲು ಬಂದಳು.